ಕೈಗೆ ಕಟ್ಟಿದ ಬ್ಯಾಂಡಿನ ಹೆಜ್ಜೆ ಲೆಕ್ಕ ಎಷ್ಟು ನಂಬಬೇಕು? ಅಪ್ಪನ ವಾಕರ್, ಅವ್ವನ ರೊಟ್ಟಿ

ಜಲನಗರದ ಮಗಳು, ವಿಜಯಪುರ

ಎಲ್ಲರಿಗೂ ನಮಸ್ಕಾರ ರೀ. ಇಲ್ಲಿ ವಾಚು, ಬ್ಯಾಂಡಿನ ಬಗ್ಗೆ ಗೊತ್ತಿದ್ದವರು ಬಹಳ ಮಂದಿ ಇದ್ದೀರಿ. ಅದಕ್ಕೇ ಕೇಳುತ್ತಿದ್ದೇನೆ.

ನಮ್ಮ ಅಪ್ಪನಿಗೆ ಸೊಂಟದ ಮೂಳೆ ಆಪರೇಷನ್ ಆಗಿದೆ. ವಯಸ್ಸು ಎಪ್ಪತ್ತು ದಾಟಿದೆ. ಈಗ ವಾಕರ್ ಹಿಡಿದು ನಡೆಯುತ್ತಾರೆ. ಡಾಕ್ಟರು "ದಿನಾ ಸ್ವಲ್ಪ ಸ್ವಲ್ಪ ಹೆಜ್ಜೆ ಹೆಚ್ಚಿಸ್ತಾ ಹೋಗ್ರಿ" ಅಂದಿದ್ದಾರೆ. ಪುಣೆಯಲ್ಲಿರುವ ತಮ್ಮ ಅಪ್ಪನಿಗೊಂದು, ಅವ್ವನಿಗೊಂದು ಬ್ಯಾಂಡ್ ತಂದುಕೊಟ್ಟ. ಎರಡೂ ಒಂದೇ ಕಂಪನಿಯವು, ಒಂದೇ ಮಾಡೆಲ್.

ಬೆಳಿಗ್ಗೆ ಅಪ್ಪ ಪಡಸಾಲೆಯಿಂದ ಗೇಟಿನ ತನಕ, ಗೇಟಿನಿಂದ ಪಡಸಾಲೆ ತನಕ ನಡೆಯುತ್ತಾರೆ. ಅಂಗಿ ಬೆವರಿನಿಂದ ತೋಯುತ್ತದೆ. ಆಮೇಲೆ ಕೂತು ಬ್ಯಾಂಡ್ ನೋಡಿದರೆ ಅಂಕಿ ಏರಿದ್ದೇ ಇಲ್ಲ ಅನ್ನುವಷ್ಟು ಕಡಿಮೆ. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಕೂತು ಜೋಳದ ರೊಟ್ಟಿ ಬಡಿದ ಅವ್ವನ ಬ್ಯಾಂಡಿನಲ್ಲಿ ನೂರಾರು ಹೆಜ್ಜೆ. ಅವ್ವ ಕೂತ ಜಾಗದಿಂದ ಎದ್ದೇ ಇಲ್ಲ.

ಅಪ್ಪನಿಗೆ ಬಾಳ ಬೇಜಾರಾಗಿದೆ. "ನಾ ನಡೆದದ್ದು ನಡಿಗೆನೇ ಅಲ್ಲೇನು?" ಅಂತ ಕೇಳಿದರು. ನಿನ್ನೆ ನಡೆಯಲು ಏಳಲೇ ಇಲ್ಲ. ಮುಂದಿನ ವಾರ ಡಾಕ್ಟರ್ ಹತ್ತಿರ ಹೋಗಬೇಕು. ಅವರು ಅಂಕಿ ಕೇಳುತ್ತಾರೆ.

ಬ್ಯಾಂಡ್ ಕೆಟ್ಟಿದೆಯಾ, ಅಥವಾ ಇವೆಲ್ಲ ಹೀಗೇನಾ? ವಾಕರ್ ಹಿಡಿದು ನಡೆಯುವವರ ಹೆಜ್ಜೆ ಎಣಿಸಲು ಬೇರೆ ದಾರಿ ಇದೆಯಾ?

ಸರ್ಕ್ಯೂಟ್ ಮೇಷ್ಟ್ರು, ಬಾಗಲಕೋಟೆ

ತಂಗೀ, ಮೊದಲು ಅಪ್ಪಾರಿಗೆ ಹೇಳಿ: ತಪ್ಪು ಅವರ ನಡಿಗೆಯದಲ್ಲ. ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ಈ ಸೆನ್ಸರ್ ಮೇಲೆ ಹುಡುಗರಿಂದ ಪ್ರಾಜೆಕ್ಟ್ ಮಾಡಿಸುತ್ತಲೇ ಇರುತ್ತೇನೆ. ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಓದಿಕೊಳ್ಳಿ.

ಕೈಗೆ ಕಟ್ಟಿದ ಬ್ಯಾಂಡಿಗೆ ಕಾಲು ಕಾಣುವುದಿಲ್ಲ. ಅದಕ್ಕೆ ಗೊತ್ತಾಗುವುದು ಮಣಿಕಟ್ಟಿನ ಅಲುಗಾಟ ಮಾತ್ರ. ಒಳಗೆ ಆಕ್ಸೆಲೆರೋಮೀಟರ್ ಅಂತ ಒಂದು ಸೆನ್ಸರ್ ಇರುತ್ತದೆ. ಸಿಲಿಕಾನ್ ಚಿಪ್ಪಿನೊಳಗೆ ಕಣ್ಣಿಗೆ ಕಾಣದಷ್ಟು ಪುಟ್ಟ ತೂಕವೊಂದನ್ನು ಅಷ್ಟೇ ಪುಟ್ಟ ಸ್ಪ್ರಿಂಗುಗಳ ಮೇಲೆ ನಿಲ್ಲಿಸಿರುತ್ತಾರೆ. ಕೈ ಅಲುಗಿದರೆ ಆ ತೂಕ ಸರಿಯುತ್ತದೆ. ಎಷ್ಟು ಸರಿಯಿತು ಅನ್ನುವುದನ್ನು ಚಿಪ್ ಅಳೆಯುತ್ತದೆ. ಮೇಲೆ ಕೆಳಗೆ, ಎಡ ಬಲ, ಹಿಂದೆ ಮುಂದೆ, ಮೂರೂ ದಿಕ್ಕಿನಲ್ಲಿ, ಸೆಕೆಂಡಿಗೆ ಹತ್ತಾರು ಸಲ.

ನಾವು ಕೈ ಬೀಸಿ ನಡೆದಾಗ ಹಿಮ್ಮಡಿ ನೆಲಕ್ಕೆ ಬಿದ್ದ ಪೆಟ್ಟು ಮೈಯೊಳಗೆ ಹಾದು ಮಣಿಕಟ್ಟಿಗೂ ಬರುತ್ತದೆ. ಅದರ ಜೊತೆ ಕೈ ಬೀಸಿದ ಅಲುಗಾಟ ಸೇರುತ್ತದೆ. ಗ್ರಾಫ್ ಹಾಕಿ ನೋಡಿದರೆ ಏರಿ ಇಳಿಯುವ ಅಲೆ. ಸಾಫ್ಟ್‌ವೇರ್ ಆ ಅಲೆಯ ತುದಿಗಳನ್ನು ಎಣಿಸುತ್ತದೆ. ಆದರೆ ಕಂಡ ತುದಿಯನ್ನೆಲ್ಲ ಎಣಿಸಿದರೆ ತಲೆ ಕೆರೆದುಕೊಂಡದ್ದೂ ಹೆಜ್ಜೆ ಆಗಿಬಿಡುತ್ತದೆ, ಅಲ್ವಾ? ಹಾಗಾಗಿ ಷರತ್ತು ಹಾಕಿರುತ್ತಾರೆ. ತುದಿ ಇಷ್ಟು ಎತ್ತರ ಇರಬೇಕು. ಒಂದಕ್ಕೂ ಇನ್ನೊಂದಕ್ಕೂ ನಡುವೆ ನಡಿಗೆಗೆ ಒಪ್ಪುವಷ್ಟೇ ಸಮಯ ಇರಬೇಕು. ಎಷ್ಟೋ ಬ್ಯಾಂಡುಗಳಲ್ಲಿ ಇಂಥ ತುದಿ ಸಾಲಾಗಿ ಕೆಲವು ಬಂದ ಮೇಲೇ ಎಣಿಕೆ ಶುರು.

ಈಗ ಅಪ್ಪಾರ ಕೈ ನೋಡಿ. ಎರಡೂ ಕೈ ವಾಕರ್ ಮೇಲೆ ಗಟ್ಟಿಯಾಗಿ ಕೂತಿವೆ. ಬೀಸುವುದೇ ಇಲ್ಲ. ವಾಕರ್ ಮುಂದಕ್ಕಿಟ್ಟು, ಒಂದು ಕಾಲು ಎಳೆದು, ಇನ್ನೊಂದು ಕಾಲು ಸೇರಿಸಿ, ನಿಂತು, ಮತ್ತೆ ವಾಕರ್. ಪಾದ ಮೆಲ್ಲಗೆ ಇಡುವುದರಿಂದ ಪೆಟ್ಟು ಸಣ್ಣದು. ನಡುನಡುವೆ ನಿಲ್ಲುವುದರಿಂದ ಸಾಲು ತುಂಡಾಗುತ್ತದೆ. ಬ್ಯಾಂಡಿನ ಯಾವ ಷರತ್ತೂ ಪೂರೈಸುವುದಿಲ್ಲ. ಅವ್ವಾರ ಕೈ ಇದಕ್ಕೆ ಪೂರಾ ಉಲ್ಟಾ. ರೊಟ್ಟಿ ಬಡಿಯುವ ಕೈ ಒಂದೇ ಲಯದಲ್ಲಿ ಏಳುತ್ತದೆ, ಬೀಳುತ್ತದೆ, ಹಿಟ್ಟಿನ ಮೇಲೆ ಪೆಟ್ಟು ಬೀಳುತ್ತದೆ. ಸಾಮಾನ್ಯ ನಡಿಗೆಯಲ್ಲಿ ನಿಮಿಷಕ್ಕೆ 100ರಿಂದ 120 ಹೆಜ್ಜೆ ಬೀಳುತ್ತವೆ. ರೊಟ್ಟಿಯ ಲಯ ಆ ಅಳತೆಯೊಳಗೆ ಬಂದರೆ ಸಾಕು, ಬ್ಯಾಂಡ್ ಅದನ್ನು ನಡಿಗೆ ಅಂತಲೇ ತಿಳಿಯುತ್ತದೆ.

ಅಂದರೆ ಬ್ಯಾಂಡ್ ಕೆಟ್ಟಿಲ್ಲ. ಅದನ್ನು ಮಾಡಿದವರ ಮನಸ್ಸಿನಲ್ಲಿದ್ದ ಮನುಷ್ಯನೇ ಬೇರೆ. ಸಮತಟ್ಟು ಜಾಗದಲ್ಲಿ ಕೈ ಬೀಸಿಕೊಂಡು ಬಿರುಸಾಗಿ ನಡೆಯುವ ಗಟ್ಟಿ ಆಳು.

ಇಳಕಲ್ಲಿನ ಮಗ್ಗ

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ನಿಜ. ನಾನು ದಿನಾ ಕಾಣುವ ಸಂಗತಿ ಬರೆಯುತ್ತೇನೆ.

ನನ್ನದು ಕುಣಿಮಗ್ಗ. ಕಾಲು ಕುಣಿಯೊಳಗೆ, ಮೈ ನೆಲದ ಮಟ್ಟದಲ್ಲಿ. ಕಾಲಲ್ಲಿ ತುಳಿಯುವುದು, ಬಲಗೈಯಲ್ಲಿ ಹಗ್ಗ ಜಗ್ಗಿ ಲಾಳಿ ಓಡಿಸುವುದು, ಎಡಗೈಯಲ್ಲಿ ಹಣಿಗೆ ಎಳೆದು ಎಳೆ ಬಡಿಯುವುದು. ಮಗಳು ಸ್ಮಾರ್ಟ್ ವಾಚ್ ಕೊಡಿಸಿದ್ದಾಳೆ. ಎಡಗೈಗೆ ಕಟ್ಟಿ ಮಗ್ಗಕ್ಕೆ ಕೂತರೆ ಮಧ್ಯಾಹ್ನದೊಳಗೆ ಸಾವಿರಾರು ಹೆಜ್ಜೆ ತೋರಿಸುತ್ತದೆ. ಸೆರಗಿನ ಭಾಗ ಬಂದಾಗ ಮಾತ್ರ ಅಂಕಿ ತಟ್ಟನೆ ಇಳಿಯುತ್ತದೆ. ನಮ್ಮ ಇಳಕಲ್ ಸೀರೆಯ ಟೋಪ ತೆನೆ ಅನ್ನುವ ಸೆರಗು ನೇಯುವಾಗ ಒಂದಕ್ಕಿಂತ ಹೆಚ್ಚು ಲಾಳಿ ಬೇಕು. ಬಣ್ಣ ಬದಲಾಗುವಲ್ಲಿ ಎಳೆಗೆ ಎಳೆ ಸಿಕ್ಕಿಸಬೇಕು. ಕೈ ನಿಧಾನ, ಲಯ ಇಲ್ಲ. ನನಗೆ ಕಣ್ಣು, ಬೆನ್ನು ಎರಡೂ ಹೆಚ್ಚು ದಣಿಯುವುದು ಆವಾಗಲೇ. ವಾಚಿನ ಲೆಕ್ಕದಲ್ಲಿ ಆವಾಗ ನಾನು ಸುಮ್ಮನೆ ಕೂತಿದ್ದೇನೆ.

ನನ್ನ ಪ್ರಶ್ನೆಯೂ ಇದೆ. ಕಾಲು ತುಳಿಯುವುದೂ ಮೈಗೆ ಕೆಲಸವೇ ಅಲ್ವಾ? ಅದನ್ನು ನಡಿಗೆ ಅಂತ ಲೆಕ್ಕ ಹಿಡಿಯಬಹುದಾ? ನನಗೆ ಸಕ್ಕರೆ ಕಾಯಿಲೆ ಇದೆ. "ನೀವು ದಿನಾ ಇಷ್ಟು ನಡೀತೀರಿ, ಸಾಕು" ಅಂತ ಮನೆಯವರು ಹೇಳುತ್ತಾರೆ. ನನಗೆ ಒಪ್ಪಿಗೆ ಆಗುತ್ತಿಲ್ಲ.

ಫಿಜಿಯೋ ಅಕ್ಕ, ಬಾಗಲಕೋಟೆ

ಇಳಕಲ್ಲಿನ ಅಣ್ಣಾರೇ, ನಿಮಗೆ ಒಪ್ಪಿಗೆ ಆಗದಿರುವುದೇ ಸರಿ. ಮಗ್ಗದ ಕೆಲಸ ದಣಿವಿನ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೂತೇ ಮಾಡುವ ಕೆಲಸದಲ್ಲಿ ಮೈಯ ಭಾರ ಕಾಲಿನ ಮೇಲೆ ಬೀಳುವುದಿಲ್ಲ. ನಡೆದಾಗ ತೊಡೆ, ಪೃಷ್ಠದ ದೊಡ್ಡ ಸ್ನಾಯುಗಳು ರಕ್ತದ ಸಕ್ಕರೆ ಬಳಸಿಕೊಳ್ಳುತ್ತವೆ. ಸಕ್ಕರೆ ಕಾಯಿಲೆಯವರಿಗೆ ಬೇಕಾದದ್ದು ಅದೇ. ವಾಚಿನ ಸಾವಿರಗಳನ್ನು ಬಿಡಿ. ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ನಡೆಯಿರಿ. ಮಗ್ಗಕ್ಕೆ ಕೂರುವಾಗ ವಾಚ್ ಬಿಚ್ಚಿ ಗೂಟಕ್ಕೆ ಹಾಕಿ. ಆಗ ಅದರಲ್ಲಿ ಉಳಿಯುವುದು ನಿಮ್ಮ ನಿಜವಾದ ನಡಿಗೆ.

ಜಲನಗರದ ತಂಗೀ, ನಿಮ್ಮ ಅಪ್ಪಾರ ವಿಷಯ ನನ್ನ ದಿನನಿತ್ಯದ ಕೆಲಸ. ಸೊಂಟ, ಮೊಣಕಾಲಿನ ಆಪರೇಷನ್ ಆದವರು, ಲಕ್ವ ಹೊಡೆದವರು, ಪಾರ್ಕಿನ್ಸನ್ ಇರುವವರು. ಇವರೆಲ್ಲರ ಕೈಯಲ್ಲಿ ಈಗ ಮಕ್ಕಳು ಕೊಡಿಸಿದ ಬ್ಯಾಂಡ್ ಇರುತ್ತದೆ. ಎಲ್ಲರಿಗೂ ಇದೇ ಕಥೆ. ಹೆಚ್ಚು ಕಷ್ಟಪಟ್ಟು ನಡೆಯುವವರಿಗೇ ಕಡಿಮೆ ಅಂಕಿ. ಇದು ನನಗೆ ಸಿಟ್ಟು ತರಿಸುತ್ತದೆ. ಮನಸ್ಸು ಕುಗ್ಗಿದ ಪೇಷಂಟ್ ನಡೆಯುವುದನ್ನು ಬಿಟ್ಟರೆ ಆಪರೇಷನ್ ಮಾಡಿಸಿದ್ದೂ ದಂಡ.

ಮೊದಲು ಬ್ಯಾಂಡನ್ನೇ ಪರೀಕ್ಷೆ ಮಾಡಿ. ಸಮತಟ್ಟಾದ, ತಿರುವಿಲ್ಲದ ಜಾಗ ಹಿಡಿಯಿರಿ. ನಡೆಯುವ ಮೊದಲು ಅಂಕಿ ಬರೆದುಕೊಳ್ಳಿ. ಅಪ್ಪ ನಡೆಯಲಿ, ಪಕ್ಕದಲ್ಲಿ ನೀವು ಬಾಯಿಬಿಟ್ಟು ಎಣಿಸಿ. ಅವರಿಗೆ ಎಣಿಸುವ ಕೆಲಸ ಕೊಡಬೇಡಿ, ಗಮನ ಅತ್ತ ಹೋದರೆ ಎಡವುತ್ತಾರೆ. ನೂರು ಆಗುತ್ತಲೇ ನಿಲ್ಲಿಸಿ, ಸ್ವಲ್ಪ ಕಾದು ಮತ್ತೆ ಅಂಕಿ ನೋಡಿ. ಕಾಯಲೇಬೇಕು, ತೆರೆಯ ಮೇಲೆ ಅಂಕಿ ತಡವಾಗಿ ಏರುತ್ತದೆ. ಒಂದೇ ಉಸಿರಿಗೆ ನೂರು ಆಗದಿದ್ದರೆ ಐವತ್ತು ಸಾಕು. ಆಮೇಲೆ ಅದೇ ಬ್ಯಾಂಡನ್ನು ಕಾಲಿನ ಗಿಣ್ಣಿನ ಮೇಲೆ ಕಟ್ಟಿ ಹಾಗೇ ಮಾಡಿ. ಫೋನನ್ನು ಪೈಜಾಮದ ಜೇಬಿನಲ್ಲಿಟ್ಟು ಮತ್ತೊಮ್ಮೆ. ಯಾವುದು ನಿಮ್ಮ ಎಣಿಕೆಗೆ ಹತ್ತಿರವೋ ಅದೇ ನಿಮ್ಮ ಮೀಟರ್.

ನಿಧಾನ ನಡಿಗೆಯವರಿಗೆ ಕಾಲಿಗೆ ಕಟ್ಟುವುದು ಹೊಸ ಉಪಾಯವೇನಲ್ಲ. ಸಂಶೋಧಕರು ಇಂಥವರ ಹೆಜ್ಜೆ ಎಣಿಸಲು ಸ್ಟೆಪ್‌ವಾಚ್ ಅನ್ನುವ ಸಾಧನವನ್ನು ಕಾಲಿಗೇ ಕಟ್ಟುತ್ತಾರೆ. ಕೈ ಎಲ್ಲೇ ಇರಲಿ, ಹೆಜ್ಜೆ ಇಡಬೇಕಾದರೆ ಕಾಲು ಅಲುಗಲೇಬೇಕು.

ಜಲನಗರದ ಮಗಳು, ವಿಜಯಪುರ

ಇಷ್ಟು ಬೇಗ ಇಷ್ಟು ಉತ್ತರ! ಮೇಷ್ಟ್ರು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. "ಹಂಗಾದ್ರ ಯಂತ್ರಕ್ಕ ಕಾಲ ಕಾಣೂದಿಲ್ಲನು" ಅಂದರು. ನಾಳೆ ಬೆಳಿಗ್ಗೆ ಪರೀಕ್ಷೆ ಮಾಡಿ ತಿಳಿಸುತ್ತೇನೆ.

ಟಿಳಕವಾಡಿಯಿಂದ, ಬೆಳಗಾವಿ

ಈ ವಿಷಯ ಎತ್ತಿದ್ದು ಒಳ್ಳೆಯದಾಯಿತು. ನಮ್ಮ ಆಫೀಸಿನಲ್ಲಿ ಹೆಜ್ಜೆ ಸ್ಪರ್ಧೆ ಇಟ್ಟಿದ್ದರು. ತಿಂಗಳಲ್ಲಿ ಯಾರ ಬ್ಯಾಂಡಿನಲ್ಲಿ ಹೆಚ್ಚು ಅಂಕಿ ಬರುತ್ತದೋ ಅವರಿಗೆ ಬಹುಮಾನ. ನಮ್ಮ ಜೊತೆ ಕೆಲಸ ಮಾಡುವ ಒಬ್ಬರಿಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಒಂದು ಕಾಲು ಸಣ್ಣದು. ಅವರು ದಿನಾ ನನ್ನ ಜೊತೆ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ನಡೆಯುತ್ತಾರೆ. ಅದೇ ದಾರಿ, ಅಷ್ಟೇ ಹೊತ್ತು. ನನ್ನದಕ್ಕಿಂತ ಅವರ ಅಂಕಿ ಯಾವಾಗಲೂ ಬಹಳ ಕಡಿಮೆ. ಪಟ್ಟಿಯಲ್ಲಿ ಅವರ ಹೆಸರು ಕೊನೆಗೆ ಬಂತು, ಅದನ್ನು ಎಲ್ಲರ ಮುಂದೆ ಓದಿದರು. ಅವರು ಏನೂ ಅನ್ನಲಿಲ್ಲ. ನನಗೆ ಮಾತ್ರ ಆ ದಿನ ಊಟ ಸೇರಲಿಲ್ಲ.

ಮೇಷ್ಟ್ರೇ, ಕುಂಟಿಕೊಂಡು ನಡೆದರೂ ಹೆಜ್ಜೆ ತಪ್ಪುತ್ತದಾ?

ಸರ್ಕ್ಯೂಟ್ ಮೇಷ್ಟ್ರು, ಬಾಗಲಕೋಟೆ

ತಪ್ಪುತ್ತದೆ ಸರ. ಎರಡು ಕಾಲಿನ ಪೆಟ್ಟು ಒಂದೇ ಥರ ಇದ್ದಾಗ ಅಲೆಯ ತುದಿಗಳೂ ಒಂದೇ ಎತ್ತರ ಇರುತ್ತವೆ. ಒಂದು ಕಾಲಿನ ಪೆಟ್ಟು ಜೋರು, ಇನ್ನೊಂದರದು ಮೆತ್ತಗೆ ಆದಾಗ ಸಣ್ಣ ತುದಿ ಮಿತಿಯ ಕೆಳಗೆ ಉಳಿದುಬಿಡುತ್ತದೆ. ಕೆಟ್ಟದ್ದಕ್ಕೆ ಬಂದರೆ ಎರಡು ಹೆಜ್ಜೆಗೆ ಒಂದೇ ಲೆಕ್ಕ ಬರುತ್ತದೆ.

ಕಂಪನಿಗಳು ಮನಸ್ಸು ಮಾಡಿದರೆ ಇದನ್ನು ಸರಿ ಮಾಡಬಹುದು ಅನ್ನುವುದಕ್ಕೆ ಒಂದು ಉದಾಹರಣೆ ಇದೆ. 2016ರಲ್ಲಿ ಆಪಲ್ ವಾಚಿನಲ್ಲಿ ಗಾಲಿಕುರ್ಚಿ ಬಳಸುವವರಿಗೆ ಬೇರೆ ಸೆಟ್ಟಿಂಗ್ ತಂದರು. ಅದರಲ್ಲಿ ಹೆಜ್ಜೆಯ ಬದಲು ಗಾಲಿ ತಳ್ಳಿದ್ದನ್ನು ಎಣಿಸುತ್ತದೆ. ಸೆನ್ಸರ್ ಎಲ್ಲ ವಾಚಿನಲ್ಲೂ ಸುಮಾರಾಗಿ ಒಂದೇ. ಯಾರ ನಡಿಗೆಯನ್ನು ಮುಂದಿಟ್ಟುಕೊಂಡು ಲೆಕ್ಕ ಬರೆದಿದ್ದಾರೆ ಅನ್ನುವುದೇ ಮುಖ್ಯ. ವಾಕರ್ ಹಿಡಿದವರಿಗೂ, ಕುಂಟುವವರಿಗೂ ಅಂಥ ಸೆಟ್ಟಿಂಗ್ ಬೇಕು ಅಂತ ನಾವು ಕೇಳಬೇಕು.

ಆಫೀಸಿನ ಪಟ್ಟಿಯ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ. ಒಬ್ಬರ ಬ್ಯಾಂಡಿನ ಅಂಕಿಯನ್ನು ಇನ್ನೊಬ್ಬರ ಬ್ಯಾಂಡಿನ ಅಂಕಿಗೆ ಹೋಲಿಸಿ ಬಹುಮಾನ ಕೊಡುವುದು ಅನ್ಯಾಯ. ಕಂಪನಿ ಬೇರೆ, ಕೈ ಬೇರೆ, ನಡಿಗೆ ಬೇರೆ.

ಸಿಂದಗಿ ನಾಕಾ, ವಿಜಯಪುರ

ಇಷ್ಟೆಲ್ಲ ತಪ್ಪು ಇದ್ದರೆ ಯಾಕೆ ಕಟ್ಟಬೇಕು ರೀ? ಎರಡು ಮೂರು ಸಾವಿರ ಸುಮ್ನೆ ದಂಡ. ನಾನು ಬೈಕ್ ಮೇಲೆ ಊರಿಗೆ ಹೋಗಿ ಬಂದರೆ ಕೂಡ ಹೆಜ್ಜೆ ಏರಿರುತ್ತದೆ. ನಮ್ಮ ಅಜ್ಜ ಯಾವ ಬ್ಯಾಂಡೂ ಇಲ್ಲದೆ ನಡೆದು ತೊಂಬತ್ತು ವರ್ಷ ಬದುಕಿದ.

ಸರ್ಕ್ಯೂಟ್ ಮೇಷ್ಟ್ರು, ಬಾಗಲಕೋಟೆ

ಬೈಕಿನದು ರಸ್ತೆಯ ಕುಲುಕಾಟ. ಹ್ಯಾಂಡಲ್ ಹಿಡಿದ ಕೈಗೆ ಅದು ನೇರವಾಗಿ ಬರುತ್ತದೆ. ತಗ್ಗು ದಿನ್ನೆಯ ರಸ್ತೆಯಲ್ಲಿ ಹೆಚ್ಚು.

ಆದರೆ ದಂಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆರೋಗ್ಯವಂತರು ಕೈ ಬೀಸಿ ನಡೆದಾಗ ಇವು ಸಾಕಷ್ಟು ಸರಿಯಾಗಿಯೇ ಎಣಿಸುತ್ತವೆ. ಅಮೆರಿಕದಲ್ಲಿ ಒಂದು ಪರೀಕ್ಷೆ ಮಾಡಿ 2015ರಲ್ಲಿ ಜಾಮಾ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಆರೋಗ್ಯವಂತರಾದ 14 ಮಂದಿಯನ್ನು ಟ್ರೆಡ್‌ಮಿಲ್ ಮೇಲೆ ಗಂಟೆಗೆ 4.8 ಕಿಲೋಮೀಟರ್ ವೇಗದಲ್ಲಿ ನಡೆಸಿದರು. ಒಮ್ಮೆ 500 ಹೆಜ್ಜೆ, ಒಮ್ಮೆ 1,500 ಹೆಜ್ಜೆ. ಎಣಿಸಲು ಪಕ್ಕದಲ್ಲಿ ಮನುಷ್ಯರನ್ನೇ ನಿಲ್ಲಿಸಿದ್ದರು. ಸೊಂಟಕ್ಕೆ ಸಿಕ್ಕಿಸುವ ಮೀಟರುಗಳು ನೂರಕ್ಕೆ ಒಂದರಷ್ಟೂ ತಪ್ಪಲಿಲ್ಲ ಅಂದರೂ ನಡೆಯುತ್ತದೆ. ಜೇಬಿನ ಫೋನುಗಳು ನೂರಕ್ಕೆ ಆರೇಳರೊಳಗೆ ಹಿಂದೆ ಮುಂದೆ. ಕೈ ಬ್ಯಾಂಡುಗಳಲ್ಲಿ ಒಂದು ಮಾತ್ರ ನೂರಕ್ಕೆ 22ಕ್ಕಿಂತ ಹೆಚ್ಚು ಹೆಜ್ಜೆ ಬಿಟ್ಟುಬಿಟ್ಟಿತ್ತು. ಆಮೇಲೆ ಸಾಫ್ಟ್‌ವೇರ್ ಬಹಳ ಸುಧಾರಿಸಿದೆ. ನಿಧಾನ ನಡಿಗೆ ಮತ್ತು ಅಲುಗದ ಕೈ, ಈ ಎರಡು ತೊಂದರೆ ಇನ್ನೂ ಉಳಿದಿವೆ.

ಜಪಾನಿನಲ್ಲಿ ಪೆಡೋಮೀಟರಿಗೆ, ಅಂದರೆ ಹೆಜ್ಜೆ ಎಣಿಸುವ ಮೀಟರಿಗೆ, ಕೈಗಾರಿಕಾ ಮಾನದಂಡವೇ ಇದೆ. 100 ಹೆಜ್ಜೆಗೆ 3ಕ್ಕಿಂತ ಹೆಚ್ಚು ತಪ್ಪಬಾರದು. ಅಂಥದ್ದು ಎಲ್ಲ ಕೈ ಬ್ಯಾಂಡಿಗೂ ಬೇಕು. ಡಬ್ಬಿಯ ಮೇಲೆ ನೀರು ಹೋಗುವುದಿಲ್ಲ, ಬ್ಯಾಟರಿ ಇಷ್ಟು ದಿನ ಬರುತ್ತದೆ ಅಂತೆಲ್ಲ ದೊಡ್ಡದಾಗಿ ಬರೆದಿರುತ್ತಾರೆ. ನಿಧಾನ ನಡಿಗೆಯಲ್ಲಿ ಎಷ್ಟು ಹೆಜ್ಜೆ ಬಿಟ್ಟುಹೋಗುತ್ತದೆ ಅಂತ ಬರೆದ ಡಬ್ಬಿ ನಾನು ನೋಡಿಲ್ಲ.

ಇನ್ನು ಬಳಸುವ ರೀತಿ. ಅಂಗಡಿಯ ತಕ್ಕಡಿ ಯಾವಾಗಲೂ ನೂರು ಗ್ರಾಂ ಕಡಿಮೆ ತೋರಿಸಿದರೂ ಹೋದ ವಾರಕ್ಕಿಂತ ಈ ವಾರ ಮಗುವಿನ ತೂಕ ಏರಿದೆಯೋ ಇಲ್ಲವೋ ಅದರಲ್ಲೇ ತಿಳಿಯಬಹುದು. ಬ್ಯಾಂಡೂ ಹಾಗೇ. ಅದೇ ಬ್ಯಾಂಡ್, ಅದೇ ಕೈ, ಅದೇ ಥರದ ಕೆಲಸ ಇದ್ದಾಗ ನಿಮ್ಮ ಹಿಂದಿನ ವಾರಕ್ಕೆ ಈ ವಾರವನ್ನು ಹೋಲಿಸಿ. ಅಷ್ಟಕ್ಕೆ ಅದು ಖಂಡಿತ ಬರುತ್ತದೆ.

ತಿಕೋಟಾದ ದ್ರಾಕ್ಷಿ

ನಾನು ತೋಟದವನು. ದ್ರಾಕ್ಷಿ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ, ಮಾಡುವಾಗ ದಿನವಿಡೀ ಸಾಲುಗಳ ನಡುವೆ ಇರುತ್ತೇವೆ. ಎರಡು ಹೆಜ್ಜೆ ಇಟ್ಟು ನಿಲ್ಲುವುದು, ಕೈ ಮೇಲೆತ್ತಿ ಕತ್ತರಿ ಹಾಕುವುದು, ಮತ್ತೆ ಎರಡು ಹೆಜ್ಜೆ. ಸಂಜೆ ಕಾಲು ಹಿಡಿದುಕೊಂಡಿರುತ್ತವೆ. ವಾಚಿನಲ್ಲಿ ಏನೂ ಇರುವುದಿಲ್ಲ. ಮೇಷ್ಟ್ರು ಹೇಳಿದ ಸಾಲಾಗಿ ಬರಬೇಕು ಅನ್ನುವ ಷರತ್ತು ಓದಿದ ಮೇಲೆ ಕಾರಣ ತಿಳಿಯಿತು. ಔಷಧ ಹೊಡೆಯುವ ದಿನ ಟ್ರ್ಯಾಕ್ಟರ್ ಮೇಲೆ ಕೂತಿರುತ್ತೇನೆ. ಆ ದಿನ ಬೇಕಾದಷ್ಟು ಹೆಜ್ಜೆ. ನನ್ನ ಮಟ್ಟಿಗೆ ದುಡಿದ ದಿನಕ್ಕೂ ವಾಚಿನ ದಿನಕ್ಕೂ ತಾಳಮೇಳವೇ ಇಲ್ಲ.

ಕಂಬಿ ಹೊತ್ತವರು, ಬಾಗಲಕೋಟೆ

ಯುಗಾದಿಗೆ ನಮ್ಮ ಕಡೆಯಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವುದು ಎಲ್ಲರಿಗೂ ಗೊತ್ತು. ಹೆಗಲ ಮೇಲೆ ಕಂಬಿ (ಮಲ್ಲಯ್ಯನ ಹೆಸರಿನ ಕಾವಡಿ) ಹೊತ್ತವರು ಒಂದು ಕೈಯಿಂದ ಅದನ್ನು ಹಿಡಿದಿರುತ್ತಾರೆ. ಕೆಲವರು ಮರಗಾಲು ಕಟ್ಟಿಕೊಂಡು ನಡೆಯುತ್ತಾರೆ. ಈಗ ಹುಡುಗರೆಲ್ಲ ವಾಚ್ ಕಟ್ಟಿಕೊಂಡೇ ಬರುತ್ತಾರೆ. ರಾತ್ರಿ ತಂಗಿದಲ್ಲಿ ಅಂಕಿ ಹೋಲಿಸುವಾಗ ಒಂದು ಗಮನಿಸಿದೆ. ಕಂಬಿ ಹಿಡಿದ ಕೈಯಲ್ಲಿ ವಾಚ್ ಇದ್ದವರಿಗೆ ಯಾವಾಗಲೂ ಕಡಿಮೆ. ಬೀಸುವ ಕೈಯಲ್ಲಿ ಇದ್ದವರಿಗೆ ಹೆಚ್ಚು. ಆತ್ಮಕೂರು ದಾಟಿ ನಲ್ಲಮಲ ಕಾಡು ಹೊಕ್ಕ ಮೇಲೆ ಏರು ದಾರಿ, ಕಲ್ಲು, ಕೋಲು ಊರಿಕೊಂಡು ನಡೆಯುವುದು. ಅಲ್ಲಿ ಎಲ್ಲರದೂ ಇಳಿಯುತ್ತದೆ. ದಾರಿಯಲ್ಲಿ ಅತಿ ಕಷ್ಟದ ತುಂಡು ಅದೇ.

ಹುಡುಗರಿಗೆ ಹೇಳುವುದು ಇಷ್ಟೇ: ಹೆಗಲು ಬದಲಿಸಿದಾಗ ವಾಚನ್ನೂ ಇನ್ನೊಂದು ಕೈಗೆ ಬದಲಿಸಿ.

ಗುಮ್ಮಟದ ಬಾಗಿಲು, ವಿಜಯಪುರ

ಮೆಟ್ಟಿಲ ಬಗ್ಗೆ ಯಾರೂ ಕೇಳಿಲ್ಲ, ನಾನು ಕೇಳುತ್ತೇನೆ. ಗೋಳಗುಮ್ಮಟದ ಮೂಲೆ ಮಿನಾರಿನ ಇಕ್ಕಟ್ಟಾದ ಮೆಟ್ಟಿಲು ಹತ್ತಿ ಪಿಸುಗುಟ್ಟುವ ಗ್ಯಾಲರಿಗೆ ಹೋದಾಗ ನನ್ನ ವಾಚಿನಲ್ಲಿ ಮಹಡಿ ಲೆಕ್ಕ ಬಂತು, ಹೆಜ್ಜೆ ಮಾತ್ರ ಕಡಿಮೆ. ಇದು ಹೇಗೆ?

ಸರ್ಕ್ಯೂಟ್ ಮೇಷ್ಟ್ರು, ಬಾಗಲಕೋಟೆ

ಎರಡೂ ಬೇರೆ ಬೇರೆ ಸೆನ್ಸರ್. ಮಹಡಿ ಲೆಕ್ಕ ಗಾಳಿಯ ಒತ್ತಡದಿಂದ ಬರುತ್ತದೆ. ಮೇಲೆ ಹೋದಷ್ಟೂ ಒತ್ತಡ ಇಳಿಯುತ್ತದೆ, ಸುಮಾರು 3 ಮೀಟರ್ ಏರಿದರೆ ಒಂದು ಮಹಡಿ ಅಂತ ಹಿಡಿಯುತ್ತವೆ. ಹೆಜ್ಜೆ ಕಡಿಮೆಯಾದದ್ದು ನೀವು ಗೋಡೆಗೆ ಕೈ ಆನಿಸಿಕೊಂಡು ಹತ್ತಿದ್ದರಿಂದ. ಆ ಮೆಟ್ಟಿಲಲ್ಲಿ ಬೇರೆ ದಾರಿಯೂ ಇಲ್ಲ.

ಬೆವರಿನ ಬೆಲೆ, ಹುಬ್ಬಳ್ಳಿ ರೋಡ್

ಹೆಜ್ಜೆ ಬಿಡಿ. ದಿನಕ್ಕೆ ಹತ್ತು ಸಾವಿರ ಅಂತ ಹೇಳುತ್ತಾರಲ್ಲ, ಅದನ್ನು ಯಾವ ಡಾಕ್ಟರ್ ಹೇಳಿದ್ದು? ಕ್ಯಾಲೊರಿ ಎಷ್ಟು ಸರಿ? ನಾನು ಕ್ಯಾಲೊರಿ ನೋಡಿಯೇ ಊಟ ಮಾಡುತ್ತೇನೆ.

ಫಿಜಿಯೋ ಅಕ್ಕ, ಬಾಗಲಕೋಟೆ

ಹತ್ತು ಸಾವಿರ ಯಾವ ಆಸ್ಪತ್ರೆಯಲ್ಲೂ ಹುಟ್ಟಿದ್ದಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ಆದ ಮೇಲೆ ಜಪಾನಿನಲ್ಲಿ ನಡಿಗೆಯ ಹುಮ್ಮಸ್ಸು ಹೆಚ್ಚಿತ್ತು. 1965ರಲ್ಲಿ ಯಮಾಸಾ ಅನ್ನುವ ಕಂಪನಿ ಸೊಂಟಕ್ಕೆ ಸಿಕ್ಕಿಸುವ ಮೀಟರ್ ಮಾರುಕಟ್ಟೆಗೆ ತಂದು ಆ ಅಂಕಿಯನ್ನು ಪ್ರಚಾರ ಮಾಡಿತು. ನೆನಪಿಡಲು ಸುಲಭ, ಹಾಗೇ ಉಳಿದುಬಿಟ್ಟಿತು.

ನಿಜವಾದ ಅಧ್ಯಯನ ಆಮೇಲೆ ಬಂದವು. 2019ರಲ್ಲಿ ಪ್ರಕಟವಾದ ಒಂದರಲ್ಲಿ ಅಮೆರಿಕದ 16,741 ಹಿರಿಯ ಹೆಂಗಸರಿದ್ದರು. ಸರಾಸರಿ ವಯಸ್ಸು 72. ದಿನಕ್ಕೆ ಸುಮಾರು 2,700 ಹೆಜ್ಜೆಯವರಿಗಿಂತ ಸುಮಾರು 4,400 ಹೆಜ್ಜೆಯವರಲ್ಲಿ ಸಾವು ಶೇ. 41ರಷ್ಟು ಕಡಿಮೆ ಇತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. 2022ರಲ್ಲಿ ಹದಿನೈದು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗಲೂ ಅರವತ್ತು ದಾಟಿದವರಿಗೆ 6,000ದಿಂದ 8,000, ಚಿಕ್ಕವರಿಗೆ 8,000ದಿಂದ 10,000 ಹೆಜ್ಜೆಯ ಹತ್ತಿರ ಲಾಭ ಸಮತಟ್ಟಾಗುತ್ತದೆ ಅಂತ ಕಂಡಿತು.

ಇದರಲ್ಲಿ ಎಲ್ಲರೂ ಬಿಟ್ಟುಬಿಡುವ ಒಂದು ಮಾತಿದೆ. 2019ರ ಆ ಅಧ್ಯಯನದಲ್ಲಿ ಮೀಟರ್ ಕಟ್ಟಿದ್ದು ಸೊಂಟಕ್ಕೆ. ಅಲ್ಲಿನ 4,400 ಅಂದರೆ ಸೊಂಟದ 4,400. ಅದನ್ನು ರೊಟ್ಟಿ ಬಡಿದ ಕೈಯ 4,400ಕ್ಕೋ, ವಾಕರ್ ಹಿಡಿದ ಕೈಯ 400ಕ್ಕೋ ಹೋಲಿಸಿದರೆ ಅರ್ಥವೇ ಇಲ್ಲ. ಪೇಪರಿನಲ್ಲಿ ಅಂಕಿ ಓದಿ, ಕೈ ನೋಡಿಕೊಂಡು ಹೆದರುವವರನ್ನು ನಾನು ದಿನಾ ನೋಡುತ್ತೇನೆ.

ಕ್ಯಾಲೊರಿ ನೋಡಿ ಊಟ ಮಾಡುವುದನ್ನು ದಯವಿಟ್ಟು ನಿಲ್ಲಿಸಿ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಕೈ ಸಾಧನಗಳನ್ನು 60 ಜನರ ಮೇಲೆ ಪರೀಕ್ಷಿಸಿದರು. ಆರು ಸಾಧನಗಳಲ್ಲಿ ಎದೆಬಡಿತ ಶೇ. 5ರೊಳಗಿನ ವ್ಯತ್ಯಾಸದಲ್ಲಿ ಸರಿ ಬಂತು. ಕ್ಯಾಲೊರಿಯಲ್ಲಿ ಮಾತ್ರ ಇದ್ದುದರಲ್ಲಿ ಒಳ್ಳೆಯದೇ ಸರಾಸರಿ ಶೇ. 27ರಷ್ಟು ತಪ್ಪಿತ್ತು, ಕೊನೆಯದು ಶೇ. 93ರಷ್ಟು. ಇದರ ಮೇಲೆ ಊಟ ನಿರ್ಧರಿಸುವುದು ಅಪಾಯ, ಅದರಲ್ಲೂ ಸಕ್ಕರೆಯ ಔಷಧಿ ತೆಗೆದುಕೊಳ್ಳುವವರಿಗೆ.

ಟಿಳಕವಾಡಿಯಿಂದ, ಬೆಳಗಾವಿ

ದೂರದ ಲೆಕ್ಕಕ್ಕೂ ಒಂದು ಮಾತು ಸೇರಿಸುತ್ತೇನೆ. ಜಿಪಿಎಸ್ ಇಲ್ಲದ ಬ್ಯಾಂಡಿನಲ್ಲಿ ದೂರ ಅಂದರೆ ಹೆಜ್ಜೆಯನ್ನು ಹೆಜ್ಜೆಯ ಉದ್ದದಿಂದ ಗುಣಿಸಿದ್ದು. ಆ ಉದ್ದವನ್ನು ನಾವು ಕೊಟ್ಟ ಎತ್ತರದಿಂದ ಅಂದಾಜು ಮಾಡುತ್ತವೆ. ಸುಮಾರಾಗಿ ಎತ್ತರದ ಶೇ. 41. ಹಾಗಾಗಿ ಆ್ಯಪಿನಲ್ಲಿ ಎತ್ತರ ತಪ್ಪಾಗಿದ್ದರೆ ದೂರವೂ ತಪ್ಪು. 400 ಮೀಟರಿನ ಟ್ರ್ಯಾಕ್ ಇರುವಲ್ಲಿ ಒಳಗಿನ ಸಾಲು ಹಿಡಿದು ಒಂದು ಸುತ್ತು ನಡೆದು ಹೆಜ್ಜೆ ಎಣಿಸಿ, 400ನ್ನು ಅದರಿಂದ ಭಾಗಿಸಿದರೆ ನಿಮ್ಮ ಹೆಜ್ಜೆಯ ಉದ್ದ ಸಿಗುತ್ತದೆ. ಹಲವು ಆ್ಯಪುಗಳಲ್ಲಿ ಅದನ್ನು ನಾವೇ ತುಂಬಬಹುದು.

ಇನ್ನೊಂದು. ಮೇಲೆ ಹೇಳಿದ ಆಫೀಸ್ ಸ್ಪರ್ಧೆ ನಡೆಸುವವರಿಗೆ ಈ ಚರ್ಚೆ ತೋರಿಸಿದೆ. ಮುಂದಿನ ಸಲ ಅವರವರ ಹಳೆಯ ಲೆಕ್ಕಕ್ಕಿಂತ ಎಷ್ಟು ಏರಿದರು ಅಂತ ಮಾತ್ರ ನೋಡಿ, ಹೆಸರಿನ ಪಟ್ಟಿ ಓದಬೇಡಿ ಅಂತ ಕೇಳಿಕೊಂಡಿದ್ದೇನೆ. ಯೋಚಿಸುತ್ತೇವೆ ಅಂದಿದ್ದಾರೆ. ಬಿಡುವುದಿಲ್ಲ, ಮತ್ತೆ ಕೇಳುತ್ತೇನೆ.

ಜಲನಗರದ ಮಗಳು, ವಿಜಯಪುರ

ಪರೀಕ್ಷೆ ಮಾಡಿದೆವು. ನಮ್ಮ ಮನೆ ಮುಂದಿನ ಕಾಂಕ್ರೀಟ್ ರಸ್ತೆ ಸಮತಟ್ಟಾಗಿದೆ. ಅಪ್ಪ ನಡೆದರು, ನಾನು ಪಕ್ಕದಲ್ಲಿ ಎಣಿಸಿದೆ, ಅವ್ವ ಕುರ್ಚಿ ಹಿಡಿದು ಹಿಂದೆ ಬಂದಳು. ಐವತ್ತಕ್ಕೆ ನಿಲ್ಲಿಸಿದೆವು.

ಕೈಯಲ್ಲಿದ್ದಾಗ ಬ್ಯಾಂಡ್ ತೋರಿಸಿದ್ದು ಹತ್ತಕ್ಕಿಂತ ಕಡಿಮೆ. ಪೈಜಾಮದ ಜೇಬಿನ ಫೋನ್ ಸುಮಾರು ಅರ್ಧ ಹಿಡಿಯಿತು. ಬ್ಯಾಂಡನ್ನು ಕಾಲಿಗೆ ಕಟ್ಟಿದ ಮೇಲೆ ನಲವತ್ತರ ಮೇಲೆ ಬಂತು. ಅಪ್ಪನಿಗೆ ನಂಬಿಕೆ ಬರಲಿಲ್ಲ, ಕುರ್ಚಿಯಲ್ಲಿ ಸ್ವಲ್ಪ ದಣಿವಾರಿಸಿಕೊಂಡು ಇನ್ನೊಮ್ಮೆ ಮಾಡಿಸಿದರು. ಹೆಚ್ಚುಕಡಿಮೆ ಅಷ್ಟೇ ಬಂತು.

ಆಪರೇಷನ್ ಆದ ಕಾಲಿಗೆ ಕಟ್ಟಬೇಕೋ, ಇನ್ನೊಂದಕ್ಕೋ? ಸಂಜೆ ಹೊತ್ತಿಗೆ ಆ ಕಾಲು ಸ್ವಲ್ಪ ಊದುತ್ತದೆ. ಡಾಕ್ಟರಿಗೆ ಏನಂತ ಹೇಳಲಿ?

ಫಿಜಿಯೋ ಅಕ್ಕ, ಬಾಗಲಕೋಟೆ

ಬಹಳ ಸಂತೋಷ ಆಯಿತು ತಂಗೀ. ಕುರ್ಚಿ ಹಿಡಿದು ಹಿಂದೆ ಬಂದ ಅವ್ವಾರಿಗೆ ನನ್ನ ನಮಸ್ಕಾರ ಹೇಳಿ.

ಊದುವ ಕಾಲಿಗೆ ಕಟ್ಟಬೇಡಿ. ಇನ್ನೊಂದು ಕಾಲಿಗೆ, ಕಾಲುಚೀಲದ ಮೇಲೆ, ಒಂದು ಬೆರಳು ಸುಲಭವಾಗಿ ಹೋಗುವಷ್ಟು ಸಡಿಲವಾಗಿ. ಪಟ್ಟಿ ಸಾಲದಿದ್ದರೆ ಉದ್ದದ ಪಟ್ಟಿ ಬೇರೆ ಸಿಗುತ್ತದೆ. ಅಪ್ಪಾರಿಗೆ ಸಕ್ಕರೆ ಇದ್ದರೆ ಬಿಚ್ಚಿದ ಮೇಲೆ ಚರ್ಮ ಕೆಂಪಾಗಿದೆಯಾ ನೋಡಲೇಬೇಕು. ಅವರಿಗೆ ನೋವು ತಿಳಿಯದೇ ಹೋಗಬಹುದು. ನಡೆಯುವ ಹೊತ್ತಿಗೆ ಮಾತ್ರ ಕಟ್ಟಿ, ಆದ ಮೇಲೆ ಬಿಚ್ಚಿ. ಕಟ್ಟುವ, ಬಿಚ್ಚುವ ಕೆಲಸ ನೀವು ಮಾಡಿ. ಈಗ ಅವರು ಬಗ್ಗುವುದು ಬೇಡ.

ಡಾಕ್ಟರಿಗೆ ಬ್ಯಾಂಡಿನ ಅಂಕಿ ಒಂದನ್ನೇ ಹೇಳಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಎಷ್ಟು ನಿಮಿಷ ನಡೆದರು, ನಡುವೆ ಎಷ್ಟು ಸಲ ಕೂತರು, ನೋವು ಎಷ್ಟಿತ್ತು, ಇಷ್ಟು ಬರೆಯಿರಿ. ಪಕ್ಕದಲ್ಲಿ ಕಾಲಿನ ಬ್ಯಾಂಡಿನ ಅಂಕಿ. "ಬ್ಯಾಂಡ್ ಕಾಲಿಗೆ ಕಟ್ಟಿದ್ದು, ಐವತ್ತಕ್ಕೆ ನಲವತ್ತರ ಮೇಲೆ ತೋರಿಸುತ್ತದೆ" ಅಂತ ಮೊದಲ ಪುಟದಲ್ಲೇ ಬರೆದಿಡಿ. ಕೈಯಲ್ಲಿದ್ದ ಹಳೆಯ ದಿನಗಳ ಅಂಕಿಯನ್ನು ಇದರ ಜೊತೆ ಸೇರಿಸಬೇಡಿ. ಮುಂದೆ ವಾಕರ್ ಬಿಟ್ಟು ಕೋಲು ಹಿಡಿದ ದಿನ ಮತ್ತೆ ಪರೀಕ್ಷೆ ಮಾಡಬೇಕು, ಆಗ ನಡಿಗೆಯೇ ಬದಲಾಗಿರುತ್ತದೆ. ಕೋಲು ಹಿಡಿಯುವುದು ಆಪರೇಷನ್ ಆಗದ ಕಡೆಯ ಕೈಯಲ್ಲಿ. ಬ್ಯಾಂಡನ್ನು ಮತ್ತೆ ಕೈಗೆ ಕಟ್ಟುವುದಾದರೆ ಕೋಲಿಲ್ಲದ ಕೈಗೆ ಕಟ್ಟಿ.